ಗೂಗಲ್ ಸ್ಕಾಲರ್: ಕ್ಯಾನ್ಸರ್ ಸಂಶೋಧಕರ ಸಾಧನೆಯನ್ನು ತೂಗಲು ಎಷ್ಟು ನೆಚ್ಚಬಹುದು?

ಕಲಬುರಗಿಯಲ್ಲಿ ಜೀವವಿಜ್ಞಾನದ ಎಂ.ಎಸ್ಸಿ. ಮುಗಿಸಿ, ಕ್ಯಾನ್ಸರ್ ವಿಷಯದಲ್ಲಿ ಪಿಎಚ್.ಡಿ. ಮಾಡಬೇಕೆಂದು ಮಾರ್ಗದರ್ಶಕರನ್ನು ಹುಡುಕುವ ವಿದ್ಯಾರ್ಥಿ ಇಂದು ಮೊದಲು ತೆರೆಯುವುದು ಸಂಶೋಧನಾ ಪ್ರಬಂಧಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್ ಅನ್ನು. ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣದಲ್ಲಾಗಲಿ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಾಗಲಿ, ನಗರದ ವೈದ್ಯಕೀಯ ಕಾಲೇಜುಗಳಲ್ಲಾಗಲಿ ಇದೇ ರೂಢಿ. ರೋಗಿಯನ್ನು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಬೆಂಗಳೂರಿಗೋ ಕರೆದೊಯ್ಯಬೇಕಾಗಿ ಬಂದ ಮನೆಯವರು ಸಹ ವೈದ್ಯರ ಹೆಸರನ್ನು ಅಲ್ಲಿ ಹಾಕಿ, ಪಕ್ಕದಲ್ಲಿ ಕಾಣುವ ದೊಡ್ಡ ಸಂಖ್ಯೆಗಳನ್ನು ನೋಡಿ ಧೈರ್ಯ ತಂದುಕೊಳ್ಳುವುದನ್ನು ನಾನು ಕಂಡಿದ್ದೇನೆ. ಈ ಸೇವೆಯನ್ನು ವಿದ್ಯಾರ್ಥಿಗಳೊಂದಿಗೆ ಕೂತು ಬಳಸುತ್ತ ಬಂದವನಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಬಂಧಗಳನ್ನು ಹುಡುಕಲು ಇದಕ್ಕಿಂತ ಉಪಯುಕ್ತವಾದ ಉಚಿತ ಸೇವೆಯನ್ನು ನಾನು ಕಂಡಿಲ್ಲ. ಆದರೆ ಒಬ್ಬ ಕ್ಯಾನ್ಸರ್ ಸಂಶೋಧಕರ ಕೆಲಸದ ಬೆಲೆಯನ್ನು ಇದೊಂದರಿಂದಲೇ ಕಟ್ಟಲು ಹೊರಟರೆ ಅನ್ಯಾಯವಾಗುವುದು ಖಚಿತ.

ಖರಗ್‌ಪುರ ಐಐಟಿಯಲ್ಲಿ ಓದಿದ ಅನುರಾಗ್ ಆಚಾರ್ಯ ಮತ್ತು ಅವರ ಸಹೋದ್ಯೋಗಿ ಅಲೆಕ್ಸ್ ವೆರ್ಸ್ತಾಕ್ ರೂಪಿಸಿದ ಈ ಸೇವೆ 2004ರ ನವೆಂಬರಿನಲ್ಲಿ ಆರಂಭವಾಯಿತು. ಇಂಥದೇ ಸೇವೆಗಳಾದ ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್‌ಗಳನ್ನು ಪೂರ್ಣವಾಗಿ ಬಳಸಲು ಸಂಸ್ಥೆಗಳು ಹಣ ತೆರಬೇಕು. ಸ್ಕಾಲರಿಗೆ ಯಾವ ಚಂದಾ ಹಣವೂ ಇಲ್ಲ. ಪ್ರತಿ ಪ್ರಬಂಧದ ಕೆಳಗಿರುವ ‘ಎಲ್ಲ ಆವೃತ್ತಿಗಳು’ ಎಂಬ ಕೊಂಡಿಯನ್ನು ಒತ್ತಿದರೆ, ಪ್ರಕಾಶಕರು ದುಡ್ಡು ಕೇಳುವ ಅದೇ ಪ್ರಬಂಧದ ಉಚಿತ ಪ್ರತಿ ಯಾವುದಾದರೂ ವಿಶ್ವವಿದ್ಯಾಲಯದ ಭಂಡಾರದಲ್ಲಿ ಸಿಗುವುದುಂಟು. 2025ರ ಜನವರಿಯಿಂದ ‘ಒಂದು ದೇಶ, ಒಂದು ಚಂದಾ’ ಯೋಜನೆಯಡಿ ಸರ್ಕಾರಿ ಸಂಸ್ಥೆಗಳಿಗೆ ಮೂವತ್ತು ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ತೆರೆದುಕೊಂಡಿವೆಯಾದರೂ, ಅದರ ಹೊರಗಿರುವ ಖಾಸಗಿ ಕಾಲೇಜಿನ ವಿದ್ಯಾರ್ಥಿಗೆ ಇಂದಿಗೂ ಇದೇ ಆಸರೆ. ಈ ಭಾಗದಲ್ಲಿ ಸಂಶೋಧನೆಯ ಆಸೆ ಹೊತ್ತ ಎಷ್ಟೋ ಮಕ್ಕಳಿಗೆ ಇದು ಮಾಡಿರುವ ಉಪಕಾರವನ್ನು ನಾನು ಕೃತಜ್ಞತೆಯಿಂದಲೇ ನೆನೆಯುತ್ತೇನೆ.

ತೊಡಕು ಶುರುವಾಗುವುದು 2011ರಲ್ಲಿ ಸೇರಿದ ಲೇಖಕರ ಪ್ರೊಫೈಲ್ ಪುಟದಿಂದ. ಅಲ್ಲಿ ಮೂರು ಅಂಕಿಗಳು ಕಾಣುತ್ತವೆ. ಮೊದಲನೆಯದು ಒಟ್ಟು ಉಲ್ಲೇಖಗಳು, ಅಂದರೆ ಇತರರು ತಮ್ಮ ಬರಹಗಳಲ್ಲಿ ಈ ಲೇಖಕರನ್ನು ಎಷ್ಟು ಸಲ ಹೆಸರಿಸಿದ್ದಾರೆ ಎಂಬುದು. ಎರಡನೆಯದು ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಸೂಚಿಸಿದ ಎಚ್-ಇಂಡೆಕ್ಸ್. ಕನಿಷ್ಠ ಇಪ್ಪತ್ತು ಸಲ ಉಲ್ಲೇಖಗೊಂಡ ಇಪ್ಪತ್ತು ಪ್ರಬಂಧಗಳಿದ್ದರೆ ಅದು 20. ಮೂರನೆಯದಾದ ಐ10 ಗೂಗಲ್ಲಿನದೇ ಅಳತೆ, ಹತ್ತು ಅಥವಾ ಹೆಚ್ಚು ಉಲ್ಲೇಖ ಪಡೆದ ಪ್ರಬಂಧಗಳ ಎಣಿಕೆ. ಲೆಕ್ಕವೇನೋ ಸರಳ. ಆದರೆ ತಲಾ ಮೂರು ಸಾವಿರ ಉಲ್ಲೇಖ ಗಳಿಸಿದ ಐದೇ ಪ್ರಬಂಧಗಳನ್ನು ಬರೆದವರ ಎಚ್-ಇಂಡೆಕ್ಸ್ 5ಕ್ಕೆ ನಿಲ್ಲುತ್ತದೆ. ತಲಾ ನಲವತ್ತು ಉಲ್ಲೇಖ ಪಡೆದ ನಲವತ್ತು ಸಾಧಾರಣ ಪ್ರಬಂಧಗಳವರದು 40 ಆಗುತ್ತದೆ. ಇದನ್ನು ಒಮ್ಮೆ ಕಾಗದದ ಮೇಲೆ ಬರೆದು ತೋರಿಸಿದರೆ ವಿದ್ಯಾರ್ಥಿಗಳು ಮತ್ತೆ ಆ ಅಂಕಿಯನ್ನು ಕಣ್ಣುಮುಚ್ಚಿ ನಂಬುವುದಿಲ್ಲ.

ಕ್ಯಾನ್ಸರ್ ಕ್ಷೇತ್ರದಲ್ಲಿ ಈ ಏರುಪೇರು ಇನ್ನೂ ಹೆಚ್ಚು. ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ‘ಸಿಎ’ ಜರ್ನಲಿನ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಒಂದು ಲೇಖನಕ್ಕೆ ಸರಾಸರಿ ಬರುವ ಉಲ್ಲೇಖಗಳ ಅಳತೆ) ಇತ್ತೀಚಿನ ವರ್ಷಗಳಲ್ಲಿ 200ನ್ನು ದಾಟಿರುವುದಕ್ಕೆ ಮುಖ್ಯ ಕಾರಣ ಅದರಲ್ಲಿ ಬರುವ ರೋಗಸಂಖ್ಯೆಯ ವರದಿಗಳು. ಯಾವುದೇ ಕ್ಯಾನ್ಸರ್ ಪ್ರಬಂಧದ ಮೊದಲ ಸಾಲಿನಲ್ಲಿ ‘ಜಗತ್ತಿನಲ್ಲಿ ಇಷ್ಟು ಜನರಿಗೆ ಈ ರೋಗವಿದೆ’ ಎಂದು ಬರೆಯುವವರೆಲ್ಲ ಆ ವರದಿಯನ್ನೇ ಉಲ್ಲೇಖಿಸುತ್ತಾರೆ. 2000ನೇ ಇಸವಿಯಲ್ಲಿ ಡಗ್ಲಸ್ ಹನಹನ್ ಮತ್ತು ರಾಬರ್ಟ್ ವೈನ್‌ಬರ್ಗ್ ಅವರು ಕ್ಯಾನ್ಸರ್ ಕೋಶದ ಮೂಲ ಲಕ್ಷಣಗಳನ್ನು ಕುರಿತು ‘ಸೆಲ್’ ಪತ್ರಿಕೆಯಲ್ಲಿ ಬರೆದ ಲೇಖನಕ್ಕೆ ಹತ್ತಾರು ಸಾವಿರ ಉಲ್ಲೇಖಗಳಿವೆ. ಅದು ಅದಕ್ಕೆ ಅರ್ಹವಾದ ಬರಹವೇ, ಆದರೆ ಅದು ಹೊಸ ಪ್ರಯೋಗದ ವರದಿಯಲ್ಲ, ಅದುವರೆಗಿನ ತಿಳಿವನ್ನು ಕ್ರೋಡೀಕರಿಸಿದ ವಿಮರ್ಶಾ ಲೇಖನ. ಅನೇಕ ಆಸ್ಪತ್ರೆಗಳು ಸೇರಿ ನಡೆಸುವ ಪ್ರಯೋಗದಲ್ಲಿ ಹತ್ತಾರು, ಕೆಲವೊಮ್ಮೆ ನೂರಾರು ಲೇಖಕರಿರುತ್ತಾರೆ; ಸ್ಕಾಲರ್ ಅವರೆಲ್ಲರಿಗೂ ಪೂರ್ತಿ ಉಲ್ಲೇಖಗಳನ್ನು ಕೊಡುತ್ತದೆ. ಪಟ್ಟಿ ಉದ್ದವಾದಾಗ ನಡುವಿನ ಹೆಸರುಗಳನ್ನು ಮೂರು ಚುಕ್ಕಿಗಳಲ್ಲಿ ಅಡಗಿಸುವುದರಿಂದ, ಇವರು ಕೆಲಸವನ್ನು ಮುನ್ನಡೆಸಿದವರೋ ನೆರವಾದವರೋ ಎಂಬುದು ಪ್ರಬಂಧವನ್ನು ತೆರೆಯದ ಹೊರತು ತಿಳಿಯುವುದಿಲ್ಲ.

ನಮಗೆ ಹತ್ತಿರದ ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಆಳಂದ, ಬಸವಕಲ್ಯಾಣಗಳ ಗಡಿಯಾಚೆಗಿನ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಅಂದರೆ ಈಗಿನ ಧಾರಾಶಿವದಲ್ಲಿ, ಡಾ. ಆರ್. ಶಂಕರನಾರಾಯಣನ್ ಅವರ ನೇತೃತ್ವದಲ್ಲಿ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ದೊಡ್ಡ ಪ್ರಯೋಗ ನಡೆಯಿತು. ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಅದರಲ್ಲಿ ಭಾಗಿಯಾಗಿತ್ತು. ಹಳ್ಳಿಗಳನ್ನು 52 ಗುಂಪುಗಳಾಗಿ ಮಾಡಿ, 30ರಿಂದ 59 ವಯಸ್ಸಿನ 1,31,746 ಮಹಿಳೆಯರನ್ನು ಒಳಗೊಂಡ ಆ ಅಧ್ಯಯನದ ಫಲಿತಾಂಶ 2009ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು. ಒಂದೇ ಒಂದು ಬಾರಿ ಎಚ್‌ಪಿವಿ ಪರೀಕ್ಷೆ (ಈ ರೋಗಕ್ಕೆ ಕಾರಣವಾಗುವ ವೈರಸ್ಸನ್ನು ಹುಡುಕುವ ಪರೀಕ್ಷೆ) ಮಾಡಿದ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34, ಸುಮಾರು ಅಷ್ಟೇ ದೊಡ್ಡದಾದ, ತಪಾಸಣೆ ಇಲ್ಲದ ಗುಂಪಿನಲ್ಲಿ 64. ಎಚ್‌ಪಿವಿ ಡಿಎನ್‌ಎ ಪರೀಕ್ಷೆಯನ್ನೇ ಮೊದಲ ತಪಾಸಣೆಯಾಗಿ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶಿಫಾರಸು ಮಾಡಿತು. ಇಂಥ ಕೆಲಸದ ಪರಿಣಾಮ ನೆಲೆಸಿರುವುದು ಮಾರ್ಗಸೂಚಿಗಳಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬ ತಾಯಿಗೆ ದೊರೆಯುವ ಪರೀಕ್ಷೆಯಲ್ಲಿ. ಸ್ಕಾಲರ್ ತೋರಿಸುವ ಉಲ್ಲೇಖಸಂಖ್ಯೆಯಲ್ಲಿ ಆ ಪರಿಣಾಮ ಕಾಣುವುದಿಲ್ಲ. ಇನ್ನೊಂದು ಮಾತೂ ಇದೆ: ಹೋಲಿಕೆಯ ಗುಂಪಿನ ಮಹಿಳೆಯರನ್ನು ತಪಾಸಣೆ ಇಲ್ಲದೆ ಬಿಟ್ಟದ್ದು ನೈತಿಕವಾಗಿ ಸರಿಯೇ ಎಂದು ಈ ಪ್ರಯೋಗವನ್ನು ಕಟುವಾಗಿ ಪ್ರಶ್ನಿಸಿದವರಿದ್ದಾರೆ. ಆ ಆಕ್ಷೇಪಣೆಯ ಲೇಖನವೂ ಒಂದು ಉಲ್ಲೇಖ, ಹೊಗಳಿದ ಲೇಖನವೂ ಒಂದು ಉಲ್ಲೇಖ.

ಹೆಸರುಗಳ ವಿಷಯಕ್ಕೆ ಬಂದರೆ ನಮ್ಮ ಭಾಗದವರಿಗೆ ಆಗುವ ನಷ್ಟ ದೊಡ್ಡದು. ಪಾಟೀಲ, ಬಿರಾದಾರ, ಹಿರೇಮಠ, ಕುಲಕರ್ಣಿ ಎಂಬ ಅಡ್ಡಹೆಸರಿನವರು ಪ್ರತಿ ಊರಿನಲ್ಲಿಯೂ ಇದ್ದಾರೆ, ಎಸ್. ಪಾಟೀಲ ಎಂದು ಹುಡುಕಿದರೆ ಮೂಳೆವೈದ್ಯರಿಂದ ಕೃಷಿವಿಜ್ಞಾನಿಯವರೆಗೆ ಎಲ್ಲರೂ ಬಂದು ನಿಲ್ಲುತ್ತಾರೆ. ಒಬ್ಬರೇ ಲೇಖಕರು ಒಂದು ಪ್ರಬಂಧದಲ್ಲಿ ತಂದೆಯ ಹೆಸರಿನ ಅಕ್ಷರವನ್ನು ಸೇರಿಸಿ, ಇನ್ನೊಂದರಲ್ಲಿ ಊರ ಹೆಸರನ್ನು ಸೇರಿಸಿ, ಮತ್ತೊಂದರಲ್ಲಿ ಎರಡನ್ನೂ ಬಿಟ್ಟು ಬರೆದಿರುವುದು ಅಪರೂಪವೇನಲ್ಲ. ಪ್ರೊಫೈಲನ್ನು ತಾನೇ ತುಂಬಿಕೊಳ್ಳಲು ಬಿಟ್ಟರೆ ಬೇರೆಯವರ ಪ್ರಬಂಧಗಳು ಸೇರಿಕೊಳ್ಳುತ್ತವೆ, ತನ್ನವು ಬಿಟ್ಟುಹೋಗುತ್ತವೆ. ಆದ್ದರಿಂದ ಪಿಎಚ್.ಡಿ.ಗೆ ಸೇರುವ ಪ್ರತಿಯೊಬ್ಬರೂ ಮೊದಲ ಪ್ರಬಂಧ ಕಳುಹಿಸುವ ಮೊದಲೇ 2012ರಿಂದ ಉಚಿತವಾಗಿ ದೊರೆಯುತ್ತಿರುವ ಸಂಶೋಧಕರನ್ನು ಗುರುತಿಸುವ ಹದಿನಾರು ಅಂಕಿಯ ಆರ್ಕಿಡ್ (ORCID) ಸಂಖ್ಯೆಯನ್ನು ಪಡೆದು, ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತೇವೆಂದು ನಿಶ್ಚಯಿಸಿ, ಕೊನೆಯವರೆಗೂ ಹಾಗೆಯೇ ಬರೆಯಬೇಕು ಎಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ಸ್ಕಾಲರಿನ ಅತಿ ದೊಡ್ಡ ಕೊರತೆ ಅದು ಕಾಳು ಜೊಳ್ಳುಗಳನ್ನು ಬೇರ್ಪಡಿಸದಿರುವುದು. ಗ್ರೆನೋಬಲ್‌ನ ಸಿರಿಲ್ ಲಾಬೆ ಎಂಬ ಕಂಪ್ಯೂಟರ್ ವಿಜ್ಞಾನಿ 2010ರಲ್ಲಿ ಐಕ್ ಅಂಟ್‌ಕೇರ್ ಎಂಬ ಹೆಸರಿನ, ಇಲ್ಲದ ವ್ಯಕ್ತಿಯೊಬ್ಬನನ್ನು ಸೃಷ್ಟಿಸಿ, ಯಂತ್ರ ಬರೆದ ಅರ್ಥಹೀನ ಪ್ರಬಂಧಗಳು ಒಂದನ್ನೊಂದು ಉಲ್ಲೇಖಿಸುವಂತೆ ಮಾಡಿ, ಅವನ ಎಚ್-ಇಂಡೆಕ್ಸನ್ನು 94ಕ್ಕೆ ಏರಿಸಿ ತೋರಿಸಿದರು. ಇದಕ್ಕಿಂತ ಕಳವಳದ ಸಂಗತಿ ತಪ್ಪು ಕಂಡುಬಂದು ಹಿಂಪಡೆದ ಪ್ರಬಂಧಗಳದು. ಗಡ್ಡೆಯ ಜೀನುಗಳ ಚಟುವಟಿಕೆಯನ್ನು ನೋಡಿ ಯಾವ ಕೀಮೋಥೆರಪಿ ಫಲಿಸುತ್ತದೆಂದು ಮೊದಲೇ ಹೇಳಬಹುದೆಂದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಗುಂಪೊಂದು 2006ರಲ್ಲಿ ‘ನೇಚರ್ ಮೆಡಿಸಿನ್’ನಲ್ಲಿ ಪ್ರಕಟಿಸಿತು. ಕೀತ್ ಬ್ಯಾಗರ್ಲಿ ಮತ್ತು ಕೆವಿನ್ ಕೂಂಬ್ಸ್ ಎಂಬ ಸಂಖ್ಯಾಶಾಸ್ತ್ರಜ್ಞರು ಆ ದತ್ತಾಂಶದ ತಪ್ಪುಗಳನ್ನು ಬಯಲಿಗೆಳೆದರು. 2011ರಲ್ಲಿ ಪ್ರಬಂಧವನ್ನು ಹಿಂಪಡೆಯಲಾಯಿತು. ಅಷ್ಟರಲ್ಲಿ ಅದರ ಆಧಾರದ ಮೇಲೆ ರೋಗಿಗಳ ಮೇಲೆಯೇ ಪ್ರಯೋಗಗಳು ಆರಂಭವಾಗಿದ್ದವು. ಇಂಥ ಪ್ರಬಂಧಕ್ಕೆ ಬಂದ ಉಲ್ಲೇಖಗಳು ಸ್ಕಾಲರಿನ ಮೊತ್ತದಿಂದ ಕಳೆಯಲ್ಪಡುವುದಿಲ್ಲ.

ಹಾಗಾಗಿ ಪಕ್ಕದಲ್ಲಿ ಪಬ್‌ಮೆಡ್ ತೆರೆದಿರಲಿ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಈ ವೈದ್ಯಕೀಯ ಪ್ರಬಂಧಗಳ ಹುಡುಕುತಾಣವೂ ಉಚಿತ. ಹಿಂಪಡೆದ ಪ್ರಬಂಧದ ಪುಟದಲ್ಲಿ ಎದ್ದು ಕಾಣುವ ಎಚ್ಚರಿಕೆ ಇರುತ್ತದೆ; ಯಾದೃಚ್ಛಿಕ ಪ್ರಯೋಗಗಳನ್ನು (ಚೀಟಿ ಎತ್ತಿದಂತೆ ಜನರನ್ನು ಗುಂಪುಗಳಿಗೆ ಹಂಚಿ ನಡೆಸುವವನ್ನು) ಮಾತ್ರ ತೋರಿಸು ಎಂದು ಕೇಳಬಹುದು. ಅದರಲ್ಲಿ ಉಲ್ಲೇಖಗಳ ಲೆಕ್ಕ ಅಪೂರ್ಣ ಮತ್ತು ವೈದ್ಯಕೀಯದ ಆಚೆಗಿನ ವಿಷಯಗಳು ಕಡಿಮೆ, ಅದಕ್ಕೆ ಸ್ಕಾಲರೇ ಬೇಕು. ಮಾರ್ಗದರ್ಶಕರನ್ನು ಆರಿಸುವ ವಿದ್ಯಾರ್ಥಿಗೆ ನಾನು ಹೇಳುವುದಿಷ್ಟು: ಅವರು ಮೊದಲ ಲೇಖಕರಾಗಿರುವ (ಸಾಮಾನ್ಯವಾಗಿ ಮುಖ್ಯ ಕೆಲಸ ಮಾಡಿದವರು) ಅಥವಾ ಕೊನೆಯ ಲೇಖಕರಾಗಿರುವ (ಸಾಮಾನ್ಯವಾಗಿ ಮುನ್ನಡೆಸಿದವರು) ಇತ್ತೀಚಿನ ನಾಲ್ಕೈದು ಪ್ರಬಂಧಗಳನ್ನು ಪೂರ್ತಿ ಓದಿ, ಅವರ ಹಿಂದಿನ ವಿದ್ಯಾರ್ಥಿಗಳು ಅವುಗಳಲ್ಲಿ ಮೊದಲ ಲೇಖಕರಾಗಿದ್ದಾರೆಯೇ ನೋಡಿ, ಭಾರತದ ಪಿಎಚ್.ಡಿ. ಮಹಾಪ್ರಬಂಧಗಳ ಭಂಡಾರವಾದ ಶೋಧಗಂಗಾದಲ್ಲಿ ಅವರ ಕೈಕೆಳಗೆ ಬಂದವನ್ನು ಹುಡುಕಿ.

ರೋಗಿಯ ಮನೆಯವರು ವೈದ್ಯರ ಎಚ್-ಇಂಡೆಕ್ಸ್ ನೋಡುವುದನ್ನು ಬಿಟ್ಟು, ಅದೇ ಸ್ಕಾಲರಿನಲ್ಲಿ ರೋಗದ ಹೆಸರನ್ನು ಹಾಕಿ ನೋಡಲಿ. ತಂಬಾಕು, ಗುಟಕಾಗಳಿಂದ ಬರುವ ಬಾಯಿ ಕ್ಯಾನ್ಸರನ್ನು ನಮ್ಮ ಜಿಲ್ಲೆಗಳಲ್ಲಿ ಕಾಣದ ಊರಿಲ್ಲ. ರೋಗ ಆರಂಭದ ಹಂತದಲ್ಲಿರುವಾಗ ಗಡ್ಡೆಯ ಜೊತೆಗೇ ಕುತ್ತಿಗೆಯ ದುಗ್ಧಗ್ರಂಥಿಗಳನ್ನೂ ತೆಗೆದರೆ ಮೂರು ವರ್ಷದ ನಂತರ ಬದುಕಿರುವವರು ಶೇ 80, ಗ್ರಂಥಿಗಳಲ್ಲಿ ರೋಗ ಕಾಣಿಸಿಕೊಂಡ ಮೇಲೆ ತೆಗೆದರೆ ಶೇ 67.5 ಎಂದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2015ರಲ್ಲಿ ತೋರಿಸಿಕೊಟ್ಟರು. ಆ ಪ್ರಬಂಧ ಸ್ಕಾಲರಿನಲ್ಲಿ ಒಂದು ನಿಮಿಷದಲ್ಲಿ ಸಿಗುತ್ತದೆ, ಅದರ ಸಾರಾಂಶವನ್ನು ಯಾರೂ ಓದಬಹುದು. ಅದನ್ನು ಮೊಬೈಲಿನಲ್ಲಿ ತೋರಿಸಿ, ‘ಡಾಕ್ಟರ್ ಸಾಹೇಬ್ರೇ, ನಮ್ಮ ತಂದೆಯವರ ವಿಷಯದಲ್ಲಿ ಇದು ಅನ್ವಯವಾಗುತ್ತದೆಯೇ?’ ಎಂದು ಶಸ್ತ್ರವೈದ್ಯರನ್ನು ಕೇಳಬಹುದು.