ಅಸಲಿ ಅಂತ ಕೊಂಡ ಎಮರಾಲ್ಡ್, ನೀರುಪಾಲಾದ 143 ಗಂಟೆ

ಮೂರು ವಾರ ಮುಟ್ಟದೇ ಇಟ್ಟಿದ್ದ ಗೇಮ್ ಬಾಯ್ ಅಡ್ವಾನ್ಸ್ (ಜಿಬಿಎ) ಅನ್ನು, ಅಂದರೆ ನಿಂಟೆಂಡೊದ ಕೈಯಲ್ಲಿ ಹಿಡಿದು ಆಡುವ ಹಳೆಯ ಕನ್ಸೋಲನ್ನು, ಭಾನುವಾರ ಆನ್ ಮಾಡಿದೆ. ಒಳಗಿದ್ದದ್ದು ಪೋಕೆಮಾನ್ ಎಮರಾಲ್ಡ್ ಆಟದ ಕಾರ್ಟ್ರಿಡ್ಜ್. ಶೀರ್ಷಿಕೆಯ ಪರದೆಯಲ್ಲಿ ರೇಕ್ವಾಜಾ ಅನ್ನುವ ಪೋಕೆಮಾನ್ ಎಂದಿನಂತೆ ಬಂತು. ಸ್ಟಾರ್ಟ್ ಒತ್ತಿದೆ. ಎರಡೇ ಸಾಲು: ‘ನ್ಯೂ ಗೇಮ್’, ‘ಆಪ್ಶನ್’. ಮೇಲೆ ಇರಬೇಕಾಗಿದ್ದ ‘ಕಂಟಿನ್ಯೂ’ ಇಲ್ಲ. ಅಂದರೆ ಉಳಿಸಿಟ್ಟ ಆಟವೇ (ಸೇವ್) ಇಲ್ಲ. ಆಫ್ ಮಾಡಿದೆ, ಕಾರ್ಟ್ರಿಡ್ಜ್ ತೆಗೆದು ಒರೆಸಿ ಹಾಕಿದೆ, ಮತ್ತೆ ಆನ್ ಮಾಡಿದೆ. ಏಳೆಂಟು ಸಲ ಹೀಗೆ ಮಾಡಿರಬೇಕು. ಕೊನೆಯ ಸಲ ನೋಡಿದಾಗ ಆಟದ ಗಡಿಯಾರ 143 ಗಂಟೆ ತೋರಿಸುತ್ತಿತ್ತು. ಅಷ್ಟೂ ಹೋಗಿತ್ತು.

ಸೆಕೆಂಡ್ ಹ್ಯಾಂಡ್ ಪೋಕೆಮಾನ್ ಕಾರ್ಟ್ರಿಡ್ಜ್ ಕೊಳ್ಳುವ ಯೋಚನೆ ಇದ್ದವರು ಇದನ್ನು ಪೂರ್ತಿ ಓದಿ. ನಾನು ಮೋಸ ಹೋದೆ ಅನ್ನುವುದಕ್ಕಿಂತ, ಎದುರಿಗಿದ್ದ ಗುರುತುಗಳನ್ನು ಒಂದೊಂದಾಗಿ ನೋಡಿಯೂ ನಂಬದೇ ಹೋದೆ ಅನ್ನುವುದೇ ಸರಿ.

ಪೋಕೆಮಾನ್ ಎಮರಾಲ್ಡ್ ಜಪಾನಿನಲ್ಲಿ 2004ರಲ್ಲಿ ಬಂತು, ಬೇರೆ ಕಡೆ 2005ರಲ್ಲಿ. ಹೊಸದಾಗಿ ಅಂಗಡಿಯಲ್ಲಿ ಸಿಗುವ ಕಾಲ ಮುಗಿದು ಎಷ್ಟೋ ವರ್ಷವಾಯಿತು. ಕೊಂಡರೆ ಯಾರೋ ಆಡಿ ಬಿಟ್ಟದ್ದನ್ನೇ ಕೊಳ್ಳಬೇಕು. ಆನ್‌ಲೈನ್‌ನಲ್ಲಿ ಸಿಕ್ಕ ಒಬ್ಬ ಮಾರಾಟಗಾರರ ಹತ್ತಿರ ಕೊಂಡೆ. ಫೋಟೋದಲ್ಲಿ ಲೇಬಲ್ ಫಳಫಳ ಹೊಳೆಯುತ್ತಿತ್ತು. ಅಷ್ಟು ಹಳೆಯ ವಸ್ತು ಅಷ್ಟು ಹೊಸದಾಗಿ ಹೇಗಿದೆ ಅಂತ ಆಗಲೇ ಕೇಳಬೇಕಿತ್ತು. ‘ಜೋಪಾನವಾಗಿ ಇಟ್ಟಿದ್ದಾರೆ ಪಾಪ’ ಅಂದುಕೊಂಡೆ.

ಮೊದಲ ಸಲ ಹಾಕಿದಾಗಲೇ ಒಂದು ಸಂದೇಶ ಬಂತು: ಒಳಗಿನ ಬ್ಯಾಟರಿ ಮುಗಿದಿದೆ, ಆಟ ಆಡಬಹುದು, ಆದರೆ ಗಡಿಯಾರ ಆಧರಿಸಿದ ಘಟನೆಗಳು ನಡೆಯುವುದಿಲ್ಲ ಅಂತ. ಮಾರಿದವರಿಗೆ ಬರೆದೆ. ‘ಹಳೇ ಕಾರ್ಟ್ರಿಡ್ಜ್ ಮೇಡಂ, ಬ್ಯಾಟರಿ ಹೋಗಿರೋದೇ ಅಸಲಿ ಅನ್ನೋದಕ್ಕೆ ಗುರುತು’ ಅಂತ ಉತ್ತರ ಬಂತು. ಎಷ್ಟು ಚೆನ್ನಾಗಿ ಹೇಳಿದರು ನೋಡಿ! ಅರ್ಧ ನಿಜ ಅದು. ಅಸಲಿ ಎಮರಾಲ್ಡ್, ಅದರ ಜೋಡಿ ಆಟಗಳಾದ ರೂಬಿ, ಸಫೈರ್, ಈ ಮೂರರಲ್ಲೂ ಗಡಿಯಾರ ನಡೆಸಲು ಸಿಆರ್1616 ಅನ್ನುವ ಬಿಲ್ಲೆ ಬ್ಯಾಟರಿ ಇರುತ್ತದೆ, ಇಷ್ಟು ವರ್ಷಕ್ಕೆ ಅದು ಸತ್ತಿರುವುದು ಸಹಜ. ಆದರೆ ಗಡಿಯಾರದ ಚಿಪ್ಪೇ ಇಲ್ಲದ ನಕಲಿಯಲ್ಲೂ ಇದೇ ಸಂದೇಶ ಬರುತ್ತದೆ. ಅದರಿಂದ ಯಾವುದೂ ಸಾಬೀತಾಗುವುದಿಲ್ಲ.

ಅಸಲಿ ಎಮರಾಲ್ಡ್‌ನಲ್ಲಿ ಆ ಬ್ಯಾಟರಿ ಸತ್ತರೂ ಸೇವ್ ಸಾಯುವುದಿಲ್ಲ. ಸೇವ್ ಇರುವುದು ಫ್ಲ್ಯಾಶ್ ಮೆಮೊರಿಯಲ್ಲಿ, ಅದಕ್ಕೆ ವಿದ್ಯುತ್ತಿನ ಹಂಗಿಲ್ಲ. ಸಾಲದ್ದಕ್ಕೆ ಆಟವು ಎರಡು ಜಾಗಗಳಲ್ಲಿ ಸರದಿಯಂತೆ ಸೇವ್ ಬರೆಯುತ್ತದೆ, ಒಂದು ಕೆಟ್ಟರೆ ಹಿಂದಿನದು ಉಳಿದಿರಲಿ ಅಂತ. ಈ ಧೈರ್ಯದ ಮೇಲೆಯೇ ನಾನು ಸಾಕಲು ಶುರು ಮಾಡಿದ್ದು.

ಸಾಕುವುದು ಅಂದರೆ ಏನು ಅಂತ ಈ ಆಟ ಆಡದವರಿಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ‘ಗೇಮ್ ಹೋದರೆ ಹೋಯಿತು ಬಿಡಿ’ ಅಂತೀರಿ. ಪ್ರತಿ ಪೋಕೆಮಾನ್‌ಗೂ ಹುಟ್ಟಿನಿಂದ ಬಂದ ಅಂಕಗಳಿರುತ್ತವೆ, ಒಂದೊಂದು ಗುಣಕ್ಕೆ 0ರಿಂದ 31. ಸ್ವಭಾವಗಳು 25 ಬಗೆ. ಇದರ ಮೇಲೆ ತರಬೇತಿಯ ಅಂಕ, ಅಂದರೆ ಇವಿ: ಒಟ್ಟು 510, ಒಂದು ಗುಣಕ್ಕೆ ಉಪಯೋಗಕ್ಕೆ ಬರುವುದು 252. ಯಾವ ಎದುರಾಳಿಯನ್ನು ಸೋಲಿಸುತ್ತೀರಿ ಅನ್ನುವುದರ ಮೇಲೆ ಯಾವ ಗುಣ ಬೆಳೆಯುತ್ತದೆ ಅನ್ನುವುದು ನಿಂತಿದೆ. ಎಮರಾಲ್ಡ್ ಈ ಲೆಕ್ಕವನ್ನು ಪರದೆಯ ಮೇಲೆ ಎಲ್ಲೂ ತೋರಿಸುವುದಿಲ್ಲ. ಬರೆದಿಟ್ಟುಕೊಳ್ಳಬೇಕು.

ನಾನು ಬರೆದಿಟ್ಟುಕೊಂಡೆ. ನನ್ನ ಪೋಕೆಮಾನ್ ಸ್ವಾಂಪರ್ಟ್‌ನ ದಾಳಿಯ ಗುಣಕ್ಕಾಗಿ ಪೂಚಿಯೇನಾ ಅನ್ನುವ ಕಾಡು ಪೋಕೆಮಾನ್‌ಗಳನ್ನು ಹೊಡೆಯುತ್ತಾ ಹೋದೆ. ಒಂದು ಪೂಚಿಯೇನಾಗೆ ಒಂದು ಅಂಕ. ಅಂಕ ದುಪ್ಪಟ್ಟು ಮಾಡುವ ಮಾಚೋ ಬ್ರೇಸ್ ಅನ್ನುವ ಪಟ್ಟಿ ತೊಡಿಸಿದರೆ ಎರಡು. ಅಂದರೆ 252 ಅಂಕಕ್ಕೆ 126 ಪೂಚಿಯೇನಾ. ನೋಟ್‌ಬುಕ್ಕಿನಲ್ಲಿ ನಾಲ್ಕು ನಿಂತ ಗೆರೆ, ಒಂದು ಅಡ್ಡಗೆರೆ, ಹಾಗೇ ಪುಟ ತುಂಬ. ಆ ನೋಟ್‌ಬುಕ್ಕು ಈಗಲೂ ನನ್ನ ಮೇಜಿನ ಮೇಲಿದೆ. ಯಾರ ಲೆಕ್ಕವೋ ಅವರೇ ಇಲ್ಲ.

ಎರಡನೆಯ ಗುರುತು ಸಿಕ್ಕಿದ್ದು ಸುಮಾರು 60 ಗಂಟೆ ಆಡಿದ ಮೇಲೆ. ಹಳೆಯ ಪೋಕೆಮಾನ್‌ಗಳನ್ನು ಮುಂದಿನ ಆಟಗಳಿಗೆ ಸಾಗಿಸುವ ದಾರಿ ಒಂದಿದೆ, ನಿಂಟೆಂಡೊದ ಮುಂದಿನ ಕನ್ಸೋಲ್ ಆದ ಡಿಎಸ್ ಮೂಲಕ: ಡಿಎಸ್‌ನ ಕೆಳಗಿನ ಸ್ಲಾಟಿನಲ್ಲಿ ಜಿಬಿಎ ಕಾರ್ಟ್ರಿಡ್ಜ್ ಹಾಕಿ, ಮೇಲೆ ಮುಂದಿನ ಪೋಕೆಮಾನ್ ಆಟಗಳಾದ ಡೈಮಂಡ್ ಅಥವಾ ಪರ್ಲ್ ಹಾಕಿದರೆ, ಮೊದಲ ಮೆನುವಿನಲ್ಲೇ ಎಮರಾಲ್ಡ್‌ನಿಂದ ಕರೆತರುವ ಸಾಲು ಕಾಣಬೇಕು. ಡೈಮಂಡ್‌ನಲ್ಲಿ ನ್ಯಾಷನಲ್ ಡೆಕ್ಸ್ (ಎಲ್ಲ ಪೋಕೆಮಾನ್‌ಗಳ ಪಟ್ಟಿ) ಸಿಕ್ಕಿರಬೇಕು, ಎರಡು ಆಟಗಳೂ ಒಂದೇ ಭಾಷೆಯವಾಗಿರಬೇಕು. ಅದೆಲ್ಲ ಸರಿಯಾಗಿಯೇ ಇತ್ತು. ನನಗೆ ಆ ಸಾಲು ಕಾಣಲಿಲ್ಲ. ಪಿನ್ನುಗಳಲ್ಲಿ ಧೂಳು ಕೂತಿದೆ ಅಂತ ಹತ್ತಿ ತಗೊಂಡು ಉಜ್ಜಿದೆ. ಆಗಲೂ ಬರಲಿಲ್ಲ. ಡಿಎಸ್ ಹಳೆಯದಾಯಿತು, ಸ್ಲಾಟ್ ಹಾಳಾಗಿದೆ ಅಂತ ತೀರ್ಮಾನಿಸಿಬಿಟ್ಟೆ. ಕಳ್ಳನನ್ನು ಬಿಟ್ಟು ಬಾಗಿಲನ್ನು ಬೈದ ಹಾಗೆ. ಅವತ್ತೇ ಅನುಮಾನ ಪಟ್ಟಿದ್ದರೆ ಕನಿಷ್ಠ ಮುಂದಿನ 80 ಗಂಟೆ ಉಳಿಯುತ್ತಿತ್ತು.

ಚಿಂದಿಯ ವಿಷಯ ಹೇಳದೇ ಮುಂದೆ ಹೋಗಲಾರೆ. ಫೀಬಾಸ್ ಅನ್ನುವ ಮೀನು ಗೊತ್ತಲ್ಲ? ನೋಡಲು ಹರಿದ ಬಟ್ಟೆಯ ಹಾಗೆ, ಕೆಲಸಕ್ಕೆ ಬಾರದ್ದು. ಅದು ಸಿಗುವುದು ರೂಟ್ 119ರ ಉದ್ದಾನುದ್ದ ನದಿಯ ಆರೇ ಆರು ಚೌಕಗಳಲ್ಲಿ, ಆ ಆರು ಯಾವುವು ಅಂತ ಯಾರೂ ಹೇಳುವುದಿಲ್ಲ. ಒಂದೊಂದು ಚೌಕಕ್ಕೂ ನಾಲ್ಕೈದು ಸಲ ಗಾಳ ಹಾಕುತ್ತಾ ಎರಡು ಸಂಜೆ ಕಳೆದೆ. ಸಿಕ್ಕಾಗ ಪಕ್ಕದಲ್ಲಿದ್ದ ತಮ್ಮ ‘ಅಕ್ಕಾ, ಇದಕ್ಕೆ ಚಿಂದಿ ಅಂತ ಹೆಸರಿಡು’ ಅಂದ. ಇಟ್ಟೆ.

ಅದು ಬೆಳೆದು ಮಿಲೋಟಿಕ್ ಅನ್ನುವ ಚೆಂದದ ಪೋಕೆಮಾನ್ ಆಗಬೇಕಾದರೆ ಸೌಂದರ್ಯದ ಅಂಕ 170 ಮುಟ್ಟಬೇಕು, ಆಮೇಲೆ ಒಂದು ಲೆವೆಲ್ ಏರಬೇಕು. ಸೌಂದರ್ಯಕ್ಕೆ ಪೋಕೆಬ್ಲಾಕ್ ಅನ್ನುವ ತಿನಿಸು ತಿನ್ನಿಸಬೇಕು, ಪೋಕೆಬ್ಲಾಕ್‌ಗೆ ಬೆರಿ ಬೇಕು, ಬೆರಿ ಬೆಳೆಯಲು ಗಡಿಯಾರ ಬೇಕು. ನನ್ನ ಗಡಿಯಾರ ಸತ್ತಿತ್ತು. ನೆಟ್ಟ ಬೆರಿ ಮಣ್ಣಲ್ಲೇ ಕೂತಿತ್ತು. ತಮ್ಮನ ಸಫೈರ್ ಅಸಲಿ, ಬ್ಯಾಟರಿಯನ್ನೂ ಹೊಸದು ಹಾಕಿಸಿಕೊಂಡಿದ್ದ. ಅವನು ಅಲ್ಲಿ ಬೆರಿ ಬೆಳೆದು, ಯಾವುದೋ ಪೋಕೆಮಾನ್ ಕೈಯಲ್ಲಿ ಒಂದೊಂದೇ ಹಿಡಿಸಿ, ಲಿಂಕ್ ಕೇಬಲ್‌ನಲ್ಲಿ ನನಗೆ ಕಳಿಸುತ್ತಿದ್ದ. ಕೊನೆಗೆ ಆ ಹರಕು ಮೀನು ಮಿಲೋಟಿಕ್ ಆಗಿ ಮೈ ಬಿಚ್ಚಿ ನಿಂತಾಗ ಹೆಸರಿನ ಜಾಗದಲ್ಲಿ ಇನ್ನೂ ‘ಚಿಂದಿ’ ಅಂತಲೇ ಇತ್ತು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ತನ್ನ ಸಫೈರ್‌ನಲ್ಲಿ ಬ್ಯೂಟಿ ಕಾಂಟೆಸ್ಟ್ ಗೆಲ್ಲಬೇಕು, ಒಂದು ವಾರ ಕೊಡು ಅಂತ ಅವನು ಅದನ್ನು ಇಸ್ಕೊಂಡ.

ಚಿಂದಿ ಇಲ್ಲದೆಯೇ ನಾನು ಎಲೈಟ್ ಫೋರ್ ಅನ್ನುವ ಕೊನೆಯ ನಾಲ್ವರು ಎದುರಾಳಿಗಳನ್ನು ಮುಗಿಸಿದೆ, ಚಾಂಪಿಯನ್ ವಾಲೇಸ್‌ನನ್ನೂ ಸೋಲಿಸಿದೆ. ಆಮೇಲೆ ಕೆಲಸದ ಒತ್ತಡ, ಮೂರು ವಾರ ಮುಟ್ಟಲಿಲ್ಲ.

ಕಾರ್ಟ್ರಿಡ್ಜ್ ಬಿಚ್ಚಿದ್ದು ಎಲ್ಲ ಹೋದ ಮೇಲೆ. ಹಿಂದುಗಡೆ ಮೂರು ಸೀಳಿನ ತಿರುಪು ಇರುತ್ತದೆ, ಅದಕ್ಕೆ ಟ್ರೈವಿಂಗ್ ಸ್ಕ್ರೂಡ್ರೈವರ್ ಬೇಕು. ಒಳಗೆ ಚಿಪ್ಪಿನ ಜಾಗದಲ್ಲಿ ಡಾಂಬರಿನ ಹನಿಯಂಥ ಕಪ್ಪು ಉಂಡೆ. ಬೋರ್ಡಿನ ಮೇಲೆ ‘ನಿಂಟೆಂಡೊ’ ಅನ್ನುವ ಹೆಸರು ಎಲ್ಲೂ ಇಲ್ಲ. ಪಕ್ಕದಲ್ಲಿ ವಕ್ರವಾಗಿ ಬೆಸುಗೆ ಹಾಕಿದ ಒಂದು ಪುಟ್ಟ ಬ್ಯಾಟರಿ. ಮಲ್ಟಿಮೀಟರ್ ಹಿಡಿದರೆ 3 ವೋಲ್ಟ್ ಇರಬೇಕಾದದ್ದು 1.1 ತೋರಿಸಿತು. ಆ ಬ್ಯಾಟರಿ ಗಡಿಯಾರಕ್ಕಲ್ಲ, ಸೇವ್‌ಗೆ. ಫ್ಲ್ಯಾಶ್ ಬದಲು ಅಗ್ಗದ ಎಸ್‌ರ್‍ಯಾಮ್ ಹಾಕಿದ್ದರು. ಅದು ಕರೆಂಟ್ ಇದ್ದಷ್ಟು ಹೊತ್ತು ಮಾತ್ರ ನೆನಪಿಟ್ಟುಕೊಳ್ಳುತ್ತದೆ. ಆಡುವಾಗ ಕನ್ಸೋಲ್ ಅದಕ್ಕೆ ವಿದ್ಯುತ್ ಕೊಡುತ್ತದೆ, ಆಫ್ ಇದ್ದಾಗ ಈ ಬ್ಯಾಟರಿ. ನಾನು ದಿನಾ ಆಡುತ್ತಿದ್ದಾಗ ಹೇಗೋ ಎಳೆದುಕೊಂಡು ಹೋಗಿ, ಮೂರು ವಾರ ಬಿಟ್ಟಾಗ ಕೈ ಚೆಲ್ಲಿದೆ. ಮಾರಿದವರಿಗೆ ಒಳಗಿನ ಫೋಟೋ ಕಳಿಸಿದೆ. ಆ ಕಡೆಯಿಂದ ಇವತ್ತಿಗೂ ಸುದ್ದಿಯಿಲ್ಲ.

ಅದಕ್ಕೇ ‘ಸೇವ್ ಆಗುತ್ತದೆಯೇ’ ಅಂತ ಪರೀಕ್ಷಿಸಿದರೆ ಸಾಲದು, ನನ್ನದೂ ಆಗುತ್ತಿತ್ತು. ದುಡ್ಡು ಕೊಡುವ ಮೊದಲು ಬೋರ್ಡಿನ ಫೋಟೋ ಕೇಳಿ. ಬಿಚ್ಚಲು ಆಗುವುದಿಲ್ಲ ಅಂದರೆ ಪಿನ್ನುಗಳ ಕಡೆಯಿಂದ ಹತ್ತಿರದ ಚಿತ್ರ ಕೇಳಿ. ಅಸಲಿಯಲ್ಲಿ ಪಿನ್ನುಗಳ ಮೇಲ್ಗಡೆ ಬೋರ್ಡಿನ ಅಂಚಿನಲ್ಲೇ ನಿಂಟೆಂಡೊ ಹೆಸರು ಕಾಣುತ್ತದೆ. ಲೇಬಲನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಎರಡಂಕಿಯ ಒಂದು ಒತ್ತು ಮುದ್ರೆ ಇರಬೇಕು, ಬಣ್ಣದಲ್ಲಿ ಅಚ್ಚಾದದ್ದಲ್ಲ, ಕಾಗದದ ಮೇಲೆ ಒತ್ತಿದ್ದು. ಅಮೆರಿಕದ ಎಮರಾಲ್ಡ್ ಆದರೆ ಲೇಬಲ್ ಮೇಲಿನ ಸಂಕೇತ ಎಜಿಬಿ-ಬಿಪಿಇಇ-ಯುಎಸ್ಎ. ಇದಿಷ್ಟನ್ನೂ ಚೆನ್ನಾಗಿ ನಕಲು ಮಾಡುವವರೂ ಇರಬಹುದು, ಹಾಗಾಗಿ ನನ್ನ ಪ್ರಕಾರ ಬೋರ್ಡ್ ನೋಡುವುದೇ ನಿಜವಾದ ಪರೀಕ್ಷೆ. ತೋರಿಸಲು ತಕರಾರು ಮಾಡಿದರೆ ಅಲ್ಲಿಗೇ ಬಿಟ್ಟುಬಿಡಿ.

ಇನ್ನೂ ಹಳೆಯ ಪೋಕೆಮಾನ್ ಆಟಗಳಾದ ಗೋಲ್ಡ್, ಸಿಲ್ವರ್ ಕೊಳ್ಳುವವರ ಕಥೆ ಬೇರೆ. ಅವು ಅಸಲಿಯಾಗಿದ್ದರೂ ಸೇವ್ ನಿಂತಿರುವುದು ಬ್ಯಾಟರಿಯ ಮೇಲೆಯೇ. ಅದೇ ಬ್ಯಾಟರಿ ಗಡಿಯಾರವನ್ನೂ ನಡೆಸುವುದರಿಂದ ಬೇಗ ಬರಿದಾಗುತ್ತದೆ. ಸುಮ್ಮನೆ ಬಿಚ್ಚಿ ಬ್ಯಾಟರಿ ಬದಲಿಸಿದರೆ ಸೇವ್ ಅದರ ಜೊತೆಗೇ ಹೋಗುತ್ತದೆ. ಮೊದಲು ಕಾರ್ಟ್ರಿಡ್ಜ್ ರೀಡರ್‌ನಲ್ಲಿ ಸೇವ್ ಅನ್ನು ಕಂಪ್ಯೂಟರ್‌ಗೆ ಇಳಿಸಿಕೊಂಡು ಆಮೇಲೆ ಬಿಚ್ಚಿ. ಸ್ವಿಚ್‌ನಲ್ಲಿ ಆಡುವವರು ನಗಬೇಡಿ: ಸ್ವೋರ್ಡ್, ಶೀಲ್ಡ್, ಸ್ಕಾರ್ಲೆಟ್, ವೈಲೆಟ್ ಆಟಗಳ ಸೇವ್ ಇರುವುದು ಕನ್ಸೋಲ್‌ನಲ್ಲಿ, ಕ್ಲೌಡ್ ಬ್ಯಾಕಪ್ ಇವಕ್ಕೆ ಅನ್ವಯಿಸುವುದಿಲ್ಲ.

ಇದೇ ಥರ ಜೀವಿ ಸಾಕುವ ಇನ್ನೊಂದು ಆಟ, 1997ರಲ್ಲಿ ಬಂದ ಮಾನ್‌ಸ್ಟರ್ ರಾಂಚರ್‌ನಲ್ಲಿ ಸಾಕಿದ ಜೀವಿ ಮುದಿಯಾಗಿ ಸಾಯುತ್ತಿತ್ತು. ಅಳು ಬರುತ್ತಿತ್ತು, ಆದರೆ ಅದು ಆಟದ ನಿಯಮ, ಮೊದಲೇ ಗೊತ್ತಿರುತ್ತಿತ್ತು. ಇಲ್ಲಿ ಅಂಥ ನಿಯಮವಿರಲಿಲ್ಲ, ನನಗೆ ಸಿಟ್ಟು ಬಂದದ್ದಕ್ಕೆ ಅದೇ ಕಾರಣ ಇರಬೇಕು.

ಒಂದು ವಾರಕ್ಕೆ ಅಂತ ಹೋಗಿದ್ದ ಚಿಂದಿಯನ್ನು ತಮ್ಮ ಹಿಂದಿರುಗಿಸಿರಲೇ ಇಲ್ಲ. ಮೊನ್ನೆ ಅವನ ಸಫೈರ್‌ನಲ್ಲಿ ಬಾಕ್ಸ್ ತೆರೆದು ತೋರಿಸಿದ: ಅದೇ ಮಿಲೋಟಿಕ್, ಟ್ರೈನರ್ ಹೆಸರಿನ ಜಾಗದಲ್ಲಿ ನನ್ನ ಹೆಸರು. ವಾಪಸ್ ಕೊಡೋ ಅಂದೆ. ‘ಯಾವ ಕಾರ್ಟ್ರಿಡ್ಜ್‌ಗೆ ಕೊಡ್ಲಿ ಅಕ್ಕಾ? ಮತ್ತೆ ಕಳೀತೀಯ’ ಅಂದ. ಆಮೇಲೆ ಸಫೈರ್ ತಗೊಂಡು ನನ್ನ ಆ ‘ಹಾಳಾದ’ ಡಿಎಸ್ ಸ್ಲಾಟಿಗೆ ಹಾಕಿದ. ಸಾಗಿಸುವ ಸಾಲು ಮೊದಲ ಸಲಕ್ಕೇ ಬಂತು. ಒಂದು ಸಲಕ್ಕೆ ಆರು ಪೋಕೆಮಾನ್ ಕಳಿಸಬೇಕು, ಹೋದವು ಹಿಂದೆ ಬರುವುದಿಲ್ಲ. ಚಿಂದಿಯ ಜೊತೆಗೆ ಇನ್ನು ಯಾವ ಐದು ಅಂತ ಅವನು ಎರಡು ದಿನದಿಂದ ಯೋಚಿಸುತ್ತಿದ್ದಾನೆ.