ತಾರಕಸಿ ಅಂತ ಎರಕದ ಓಲೆ ಮಾರುತ್ತಿದ್ದಾರೆ, ಹುಷಾರು

ಒಡಿಶಾದ ಕಟಕ್‌ನ ತಾರಕಸಿ ಓಲೆ, ಪೂರ್ತಿ ಕೈಕೆಲಸ ಅಂತ ಯಾರಾದರೂ ಇನ್‌ಸ್ಟಾಗ್ರಾಂನಲ್ಲಿ ಫೋಟೋ ತೋರಿಸಿದರೆ, ದುಡ್ಡು ಹಾಕುವ ಮೊದಲು ಇದನ್ನು ಓದಿ. ತಾರಕಸಿ ಅಂದರೆ ಸಣ್ಣ ಬೆಳ್ಳಿ ತಂತಿ ಬಗ್ಗಿಸಿ ಕೈಯಲ್ಲಿ ಮಾಡುವ ಕೆಲಸ. ನನಗೆ ಬಂದಿದ್ದು ಎರಕದ ಓಲೆ. ಅಚ್ಚಿನಲ್ಲಿ ಹೊಯ್ದಿದ್ದು. ಅದರಲ್ಲಿ ಒಂದೇ ಒಂದು ತಂತಿ ಇಲ್ಲ.

18 ಗ್ರಾಮಿಗೆ 6,500 ರೂಪಾಯಿ. ಆಗಿನ ಬೆಳ್ಳಿ ರೇಟಿಗೆ ಇದು ಜಾಸ್ತಿ ಅಲ್ವಾ ಅಂತ ಮಾರುವವರನ್ನು ಆಗಲೇ ಕೇಳಿದ್ದೆ. "ಮೇಡಂ, ಒಬ್ಬ ಕಲಾವಿದರು ದಿನಗಟ್ಟಲೆ ಕೂತು ಮಾಡ್ತಾರೆ, 2024ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿದೆ" ಅಂದರು. ಜಿಐ ಅಂದರೆ ಒಂದು ಊರಿನ ವಿಶೇಷ ಕಸುಬಿಗೆ ಸಿಗುವ ಸರ್ಕಾರಿ ಗುರುತು. ಅದು ಸಿಕ್ಕಿದ್ದು ನಿಜ. ಆದರೆ ಅದು ಕಟಕ್‌ನ ಆ ಕೆಲಸಕ್ಕೆ. ಇವರ ಓಲೆಗಲ್ಲ!

ಅತ್ತಿಗೆಯ ಸೀಮಂತಕ್ಕೆ ಅಂತ ತಗೊಂಡಿದ್ದೆ. ಅವರ ಸೋದರಮಾವ ಬೆಳ್ಳಿ ಕೆಲಸದವರು. ಓಲೆಯನ್ನು ಬೆಳಕಿಗೆ ಹಿಡಿದರು, ಲೆನ್ಸ್ ಹಾಕಿ ನೋಡಿದರು, "ಇದು ತಂತಿ ಕೆಲಸ ಅಲ್ಲಮ್ಮ, ಎರಕ" ಅಂದರು. ತುಂಬಿದ ಮನೆ. ಎಲ್ಲರ ಮುಂದೆ. ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ಗೊತ್ತಾಗಲಿಲ್ಲ.

ಆಮೇಲೆ ಪಕ್ಕಕ್ಕೆ ಕರೆದು ತೋರಿಸಿದರು. ನಿಜವಾದ ತಾರಕಸಿಯಲ್ಲಿ ಬೆಳ್ಳಿಯನ್ನು ಕೂದಲಿನಷ್ಟು ಸಣ್ಣ ತಂತಿಯಾಗಿ ಎಳೆಯುತ್ತಾರೆ. ಎರಡು ಎಳೆ ಹೊಸೆದು, ಒತ್ತಿ ಚಪ್ಪಟೆ ಮಾಡುತ್ತಾರೆ. ಅದಕ್ಕೇ ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲು ಕಾಣುತ್ತದೆ. ಆ ತಂತಿಯನ್ನು ಚಿಮಟದಲ್ಲಿ ಬಗ್ಗಿಸಿ, ಚೌಕಟ್ಟಿನೊಳಗೆ ಕೂರಿಸಿ ಬೆಸುಗೆ ಹಾಕುತ್ತಾರೆ. ಎಳೆ ಎಳೆಯೂ ಬೇರೆ ಬೇರೆ ಕಾಣುತ್ತದೆ, ಸಂದಿಯಲ್ಲಿ ಬೆಳಕು ಬರುತ್ತದೆ. ನನ್ನ ಓಲೆಯಲ್ಲಿ ಹಲ್ಲೆಲ್ಲ ಸವೆದು ನುಣ್ಣಗಾದ ಹಾಗಿದೆ. ಸಂದಿಗಳಲ್ಲಿ ಬೆಳ್ಳಿಯ ತೆಳು ಪೊರೆ ಮುಚ್ಚಿಕೊಂಡಿದೆ. ಹಿಂಬದಿಯಲ್ಲಂತೂ ಎಳೆಗಳೆಲ್ಲ ಒಂದೇ ಮುದ್ದೆ.

ಇದೂ ಹೋಗಲಿ. ಬಲಗಡೆ ಓಲೆಯ ಮೂರನೇ ಎಸಳಲ್ಲಿ ಒಂದು ಪುಟ್ಟ ಗುಳಿ ಇದೆ. ಎಡಗಡೆ ಓಲೆಯಲ್ಲೂ ಇದೆ. ಅದೇ ಎಸಳು, ಅದೇ ಜಾಗ, ಅದೇ ಗುಳಿ! ಎರಕದಲ್ಲಿ ಮೊದಲು ಅಚ್ಚಿನಿಂದ ಮೇಣದ ಓಲೆ ತೆಗೆಯುತ್ತಾರೆ, ಆಮೇಲೆ ಆ ಮೇಣ ಕರಗಿಸಿ ಅದರ ಜಾಗಕ್ಕೆ ಬೆಳ್ಳಿ ಹೊಯ್ಯುತ್ತಾರೆ. ಅಚ್ಚಿನಲ್ಲಿ ಒಂದು ಊನ ಇದ್ದರೆ ಅದು ಪ್ರತಿಯೊಂದು ಮೇಣದ ಓಲೆಗೂ ಬರುತ್ತದೆ, ಅದರಿಂದ ಬೆಳ್ಳಿಗೂ ಬರುತ್ತದೆ. ಅಲ್ಲಿಗೆ ನನಗೆ ಮೈಯೆಲ್ಲ ಉರಿದುಹೋಯಿತು.

ಮಾರಿದವರನ್ನು ಫೋಟೋ ಸಮೇತ ಕೇಳಿದೆ. ಮೊದಲ ಉತ್ತರ: "925 ಸ್ಟ್ಯಾಂಪ್ ಇದೆ ನೋಡಿ ಮೇಡಂ." ನಾನು ಕೇಳಿದ್ದು ಅದನ್ನಾ? 925 ಅಂದರೆ ಬೆಳ್ಳಿ 92.5 ಪರ್ಸೆಂಟ್ ಶುದ್ಧ ಅಂತ, ಅಷ್ಟೇ. ಹೇಗೆ ಮಾಡಿದ್ದು ಅಂತ ಆ ಮುದ್ರೆ ಹೇಳುವುದಿಲ್ಲ. ಗುಳಿಯ ಬಗ್ಗೆ ಕೇಳಿದರೆ: "ಕೈಕೆಲಸದಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇರುತ್ತೆ." ವ್ಯತ್ಯಾಸ ಇಲ್ಲ ಅನ್ನೋದೇ ನನ್ನ ತಕರಾರು! ಆಮೇಲೆ: "ಪಾಲಿಶ್ ಕೈಯಲ್ಲೇ ಮಾಡಿದ್ದು, ಹಾಗಾಗಿ ಹ್ಯಾಂಡ್‌ಮೇಡ್." ಕೊನೆಗೆ: "ಹಾಕಿಕೊಂಡರೆ ಯಾರಿಗೆ ಗೊತ್ತಾಗುತ್ತೆ?" ದುಡ್ಡು ವಾಪಸ್ ಕೊಡಿ ಅಂದೆ, ಬ್ಲಾಕ್ ಮಾಡಿದರು.

ಎರಕದ ಒಡವೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಎರಕ ಅಂತ ಹೇಳಿ, ಎರಕದ ಮಜೂರಿ ತಗೊಂಡು ಮಾರಲಿ. ಕಣ್ಣು ನೋಯಿಸಿಕೊಂಡು ತಂತಿ ಬಗ್ಗಿಸುವವರ ಹೆಸರಲ್ಲಿ ಇವರು ಯಾಕೆ ದುಡ್ಡು ಮಾಡಬೇಕು?

ತಗೊಳ್ಳುವುದಿದ್ದರೆ ಹಿಂಬದಿಯ ಫೋಟೋ ಹತ್ತಿರದಿಂದ ಕೇಳಿ. ಎರಡೂ ಓಲೆ ಅಕ್ಕಪಕ್ಕ ಇಟ್ಟು ತೆಗೆದಿದ್ದು ಬೇಕು ಅನ್ನಿ. ಬಿಲ್ಲಿನಲ್ಲಿ "ತಂತಿ ಕೆಲಸ" ಅಂತ ಬರೆಸಿಕೊಳ್ಳಿ. ಕೊಡದಿದ್ದರೆ ಬಿಟ್ಟುಬಿಡಿ. ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಮಾರಿದವರು ಮಾತ್ರ ಅದೇ ಓಲೆಯನ್ನು ಅದೇ ಹೆಸರಲ್ಲಿ ಇವತ್ತಿಗೂ ಮಾರುತ್ತಿದ್ದಾರೆ.