ಮನೆ ಸೋಲಾರ್: ಸಬ್ಸಿಡಿ, ನೆಟ್ ಮೀಟರಿಂಗ್, ಗ್ರಾಸ್ ಮೀಟರಿಂಗ್ – ಯಾವುದು ಮೇಲು?

ಮನೆಗೆ ಸೋಲಾರ್ ಹಾಕಿಸಲು ಹೊರಟವರೆಲ್ಲ ಮೊದಲು ಕೇಳುವುದು ಸಬ್ಸಿಡಿ ಎಷ್ಟು ಬರುತ್ತದೆ ಅಂತ. ಅದನ್ನು ಆಮೇಲೆ ಕೇಳಿ. ಗ್ರಿಡ್‌ಗೆ, ಅಂದರೆ ವಿದ್ಯುತ್ ಕಂಪನಿಯ ಜಾಲಕ್ಕೆ, ಕೊಟ್ಟ ಒಂದು ಯೂನಿಟ್‌ಗೆ ಎಷ್ಟು ಕೊಡುತ್ತಾರೆ, ಎಷ್ಟು ವರ್ಷ ಕೊಡುತ್ತಾರೆ ಎಂಬುದು ಮೊದಲ ಪ್ರಶ್ನೆಯಾಗಬೇಕು. ನಮ್ಮ ಮನೆಯಲ್ಲಿರುವುದು ಸಬ್ಸಿಡಿ ಮತ್ತು ನೆಟ್ ಮೀಟರಿಂಗ್, ಅಂದರೆ ಪಡೆದದ್ದರಲ್ಲಿ ಕೊಟ್ಟದ್ದನ್ನು ಕಳೆದು ಬಿಲ್ ಮಾಡುವ ಪದ್ಧತಿ. ಅಣ್ಣನ ಮನೆಯಲ್ಲಿ ಗ್ರಾಸ್ ಮೀಟರಿಂಗ್, ಅಂದರೆ ಉತ್ಪಾದಿಸಿದ್ದನ್ನೆಲ್ಲ ಮಾರಿ, ಬಳಸುವುದನ್ನೆಲ್ಲ ಬೇರೆಯಾಗಿ ಕೊಳ್ಳುವುದು. ಎರಡೂ ಮನೆಗಳ ಬಿಲ್ ನೋಡುವವನು ನಾನೇ, ಹಾಗಾಗಿ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ.

ಸಬ್ಸಿಡಿಯಿಂದ ಹೊರೆ ಇಳಿಯುತ್ತದೆ, ನಿಜ. ಆದರೆ ನಾವು ಪೂರ್ತಿ ದುಡ್ಡು ಮೊದಲೇ ಕಟ್ಟಬೇಕಾಯಿತು. ತಪಾಸಣೆ ಮುಗಿದು, ಮೀಟರ್ ಕೂತ ಮೇಲೆಯೇ ಸಬ್ಸಿಡಿ ಖಾತೆಗೆ ಬಂದದ್ದು. ಅದನ್ನು ಲೆಕ್ಕ ಹಾಕುವುದು ಸಿಸ್ಟಮ್ ಎಷ್ಟು ಕಿಲೋವ್ಯಾಟ್ ಸಾಮರ್ಥ್ಯದ್ದು ಎಂಬುದರ ಮೇಲೆ, ವಿದ್ಯುತ್ ಎಷ್ಟು ಬಂತು ಎಂಬುದರ ಮೇಲಲ್ಲ. ಮರದ ನೆರಳಿನಲ್ಲಿರುವ ಪ್ಯಾನೆಲ್‌ಗೂ ಅಷ್ಟೇ ಹಣ. ಇನ್ನೊಂದು ವಿಷಯ: ಸಬ್ಸಿಡಿ ಸೇರಿಸಿ ಒಂದು ಕೊಟೇಶನ್, ಸೇರಿಸದೆ ಒಂದು ಕೊಟೇಶನ್ ಕೇಳಿದೆ. ಒಬ್ಬ ಗುತ್ತಿಗೆದಾರ ಅದೇ ಪ್ಯಾನೆಲ್, ಅದೇ ಇನ್ವರ್ಟರ್‌ಗೆ (ಪ್ಯಾನೆಲ್‌ನ ವಿದ್ಯುತ್ತನ್ನು ಮನೆ ಬಳಕೆಗೆ ಬದಲಿಸುವ ಸಾಧನ) ಸಬ್ಸಿಡಿಯ ಕೊಟೇಶನ್‌ನಲ್ಲಿ ದರ ಏರಿಸಿದ್ದ. ನಮಗೆ ಬರಬೇಕಾದ ಹಣ ಹೀಗೆ ಬೇರೆಯವರ ಜೇಬಿಗೆ ಹೋಗುವುದು ಅನ್ಯಾಯ. ಪ್ಯಾನೆಲ್, ಇನ್ವರ್ಟರ್, ಸ್ಟ್ರಕ್ಚರ್ (ಪ್ಯಾನೆಲ್ ಕೂರಿಸುವ ಚೌಕಟ್ಟು), ಕೂಲಿ ಎಲ್ಲದರ ದರವನ್ನೂ ಬಿಡಿಬಿಡಿಯಾಗಿ ಬರೆಸಿಕೊಳ್ಳಿ.

ನಿಜವಾಗಿ ಮನೆ ಬಿಲ್ ಇಳಿಸಿದ್ದು ನೆಟ್ ಮೀಟರಿಂಗ್. ನಮ್ಮ ಮೀಟರಿನ ಪರದೆಯಲ್ಲಿ 1.8.0 ಎಂದು ಬಂದರೆ ನಾವು ಪಡೆದ ಯೂನಿಟ್, 2.8.0 ಎಂದರೆ ನಾವು ಕೊಟ್ಟದ್ದು. ಒಂದರಿಂದ ಇನ್ನೊಂದನ್ನು ಕಳೆದು ಉಳಿದದ್ದಕ್ಕೆ ಬಿಲ್. ಅಂದರೆ ಮಧ್ಯಾಹ್ನ ಕೊಟ್ಟ ಯೂನಿಟ್‌ಗೆ ರಾತ್ರಿ ಕೊಳ್ಳುವ ಯೂನಿಟ್‌ನಷ್ಟೇ ಬೆಲೆ. ಮೋಡದ ತಿಂಗಳುಗಳಲ್ಲಿ ಹಿಂದಿನ ಉಳಿಕೆ ಕೈಹಿಡಿಯಿತು. ವರ್ಷದ ಕೊನೆಗೂ ಮಿಕ್ಕಿದ್ದಕ್ಕೆ ಮಾತ್ರ ಕಡಿಮೆ ದರ, ಆದ್ದರಿಂದ ಬಳಕೆಗಿಂತ ದೊಡ್ಡ ಸಿಸ್ಟಮ್ ಬೇಡ.

ಗ್ರಾಸ್ ಮೀಟರಿಂಗ್‌ನಲ್ಲಿ ಉತ್ಪಾದನೆಯಷ್ಟನ್ನೂ ಮಾರುವುದು, ಬಳಕೆಯಷ್ಟನ್ನೂ ಕೊಳ್ಳುವುದು. ಮಾರುವ ದರ ಕೊಳ್ಳುವ ದರಕ್ಕಿಂತ ಹೆಚ್ಚಿದ್ದರೆ ಇದಕ್ಕಿಂತ ಒಳ್ಳೆಯದಿಲ್ಲ. ಜರ್ಮನಿ 2000ರ ಕಾನೂನಿನಲ್ಲಿ 20 ವರ್ಷ ನಿಗದಿತ ದರದ ಖಾತ್ರಿ ಕೊಟ್ಟಿದ್ದಕ್ಕೇ ಅಲ್ಲಿ ಲಕ್ಷಾಂತರ ಛಾವಣಿಗಳಿಗೆ ಸೋಲಾರ್ ಬಂತು. ಅಣ್ಣನದು ಉಲ್ಟಾ: ಮಾರುವ ದರವೇ ಕಡಿಮೆ. ಖಾಲಿ ಜಾಗ ಬೇಕಾದಷ್ಟಿದ್ದು ಬಳಕೆ ತೀರಾ ಕಡಿಮೆ ಇರುವವರಿಗೆ ಇದು ಸರಿಹೋಗಬಹುದು, ಸಂಸಾರವಿರುವ ಮನೆಗಲ್ಲ.

ತೆರಿಗೆ ರಿಯಾಯಿತಿ ತೆರಿಗೆ ಕಟ್ಟುವವರಿಗಷ್ಟೇ. ಅಮೆರಿಕದಲ್ಲಿ ಮನೆ ಸೋಲಾರ್‌ಗಿದ್ದ ಶೇ. 30ರ ರಿಯಾಯಿತಿ 2025ರ ಕೊನೆಗೆ ನಿಂತುಹೋಯಿತು. ಕಡಿಮೆ ಬಡ್ಡಿಯ ಸಾಲ ಇದಕ್ಕಿಂತ ವಾಸಿ, ಉಳಿಯುವ ಬಿಲ್ ಹಣದಲ್ಲೇ ಕಂತು ತೀರುವಂತಿದ್ದರೆ.

ನೆಟ್ ಮೀಟರಿಂಗ್ ಕೂಡ ಶಾಶ್ವತವಲ್ಲ. ಕ್ಯಾಲಿಫೋರ್ನಿಯಾದಲ್ಲಿ 2023ರ ಏಪ್ರಿಲ್‌ನಿಂದ ಹೊಸ ಗ್ರಾಹಕರು ಕೊಡುವ ಯೂನಿಟ್‌ಗೆ ಬೆಲೆ ಬಹಳ ಇಳಿದಿದೆ; ಹಳಬರಿಗೆ ಹಳೆಯ ದರ ಮುಂದುವರಿದಿದೆ. ಪ್ಯಾನೆಲ್ 25 ವರ್ಷ ಬಾಳುತ್ತದೆ, ನಡುವೆ ಇನ್ವರ್ಟರ್ ಒಮ್ಮೆ ಬದಲಿಸಬೇಕಾಗುತ್ತದೆ. ನಿಮ್ಮ ಕರಾರು ಎಷ್ಟು ವರ್ಷದ್ದು, ನಡುವೆ ನಿಯಮ ಬದಲಾದರೆ ನಿಮಗೂ ತಟ್ಟುತ್ತದೆಯೇ ಎಂದು ಸಹಿ ಹಾಕುವ ಮೊದಲು ಓದಿ. ನೆಟ್ ಮೀಟರಿಂಗ್‌ನಲ್ಲಿ ನೀವು ಕೊಟ್ಟ ಯೂನಿಟ್‌ಗೆ ದರ ಕಡಿಮೆ ಇರುವ ಕಡೆ ಪಂಪು, ವಾಷಿಂಗ್ ಮೆಷಿನ್, ಗೀಸರ್ ಎಲ್ಲವನ್ನೂ ಹಗಲಿಗೆ ತನ್ನಿ.